ಅರ್ಧ ಇಂಚಿನ ಫರ್ಸಿ

ಹೋದ ತಿಂಗಳು ಸೇಡಂನಲ್ಲಿ ನನ್ನ ಕಿರಿಯ ಮಗ ಮನೆಗೆ ಹೊಸ ನೆಲ ಹಾಕಿಸಿದ. ಶಹಾಬಾದಿನ ಹಾಸುಗಲ್ಲು, ಫರ್ಸಿಯೇ ಬೇಕೆಂದು ನಾನು ಹಟ ಹಿಡಿದಿದ್ದೆ. ಥಳಥಳ ಹೊಳೆಯುವ ಟೈಲ್ಸ್ ಬೇಕೆಂದಿದ್ದ ಸೊಸೆ ಎರಡು ದಿನ ಮುಖ ಸಣ್ಣದು ಮಾಡಿಕೊಂಡು ತಿರುಗಾಡಿದಳು. ಗೌಂಡಿ ಅಂಗಳದಲ್ಲಿ ಕೂತು ಮಷಿನ್ ಹಚ್ಚಿ ಕಲ್ಲು ಕೊಯ್ಯುತ್ತಿದ್ದ. ಮಧ್ಯಾಹ್ನದ ಬಿಸಿಲಿಗೆ ಕಾದಿದ್ದ ಒಂದು ಕಲ್ಲಿನ ಮೇಲೆ ಅವನು ಒಂದು ಚರಿಗೆ ತಣ್ಣೀರು ಸುರಿದ. ಭುಸ್ಸೆಂದು ಆವಿ ಎದ್ದು, ಸುಟ್ಟ ಸುಣ್ಣ ಮತ್ತು ಹಸಿಮಣ್ಣು ಎರಡೂ ಕೂಡಿದಂಥ ಒಂದು ವಾಸನೆ ನಡುಮನೆಯ ತನಕ ಬಂತು. ಹೂಬತ್ತಿ ಹೊಸೆಯುತ್ತ ಕೂತಿದ್ದ ನಾನು ಎದ್ದು ಹೊರಗೆ ಹೋದೆ.

"ಏ ತಮ್ಮಾ, ಕಾದ ಕಲ್ಲಿಗಿ ನೀರು ಹಾಕಬ್ಯಾಡ. ಒಳಗ ಸೀಳ್ತದ."

ಅವನು ಮಷಿನ್ ನಿಲ್ಲಿಸಿ ನಕ್ಕ. "ಆಯಿ, ನೀವು ಒಳಗ ಕುಂದ್ರಿ. ಕಲ್ಲಿಂದು ನಿಮಗೇನ್ ಗೊತ್ತಾಗ್ತದ?"

ನಾನು ಒಳಗೆ ಬಂದು ಮತ್ತೆ ಬತ್ತಿ ಹೊಸೆಯತೊಡಗಿದೆ. ಅವನ ಪ್ರಶ್ನೆಗೆ ಉತ್ತರ ಬಾಯಿಮಾತಿನಲ್ಲಿ ಹೇಳಿ ಮುಗಿಯುವಂಥದಲ್ಲ. ಅಕ್ಷರ ನನಗೆ ಬಂದದ್ದು ಮೂವತ್ತೈದು ದಾಟಿದ ಮೇಲೆ, ಮಗಳ ಪಾಟಿಯ ಮೇಲೆ. ತಡವಾಗಿ ಕಲಿತ ಅಕ್ಷರದ ಸಾಲ ತೀರಿಸಿದ ಹಾಗಾಗಲಿ ಎಂದು ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ನಿಜಾಮರ ಕಾಲದ ಮಾತು. ದೊಡ್ಡ ಯುದ್ಧ ನಡೆದಿತ್ತು. ಯಾರು ಯಾರ ಮೇಲೆ ಯಾಕೆ ಬಿದ್ದಿದ್ದಾರೆಂಬುದು ನಮಗೆ ತಿಳಿಯದು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ತಗಡು ಸಿಗುತ್ತಿರಲಿಲ್ಲ, ಅದರಿಂದ ಯುದ್ಧ ಇನ್ನೂ ಮುಗಿದಿಲ್ಲವೆಂದು ತಿಳಿಯುತ್ತಿತ್ತು. ನನ್ನ ತವರು ತೆಂಗಳಿ. ಜೋಳ ತೊಗರಿ ಬೆಳೆಯುವ ಮನೆ. ಕೊಟ್ಟದ್ದು ಶಹಾಬಾದಿನ ಮಗ್ಗುಲಿಗಿದ್ದ ಒಂದು ಕಲ್ಲಿನ ಖಣಿಯ ಹಳ್ಳಿಗೆ. ಅಲ್ಲಿ ಗೋಡೆ ಕಲ್ಲು, ಮಾಳಿಗೆ ಕಲ್ಲು, ಬಾಗಿಲ ಮುಂದಿನ ಕಟ್ಟೆ ಕಲ್ಲು, ದನ ನೀರು ಕುಡಿಯುವ ಬಾನಿಯೂ ಕಲ್ಲು. ಮದುವೆಯಾಗಿ ಬಂದ ಮೊದಲ ತಿಂಗಳು ಹಸಿರು ಕಾಣದೆ ನಾನು ಅತ್ತದ್ದುಂಟು.

ಅಲ್ಲಿಯ ನೆಲವೇ ಪದರು ಪದರು. ಮೇಲಿನ ಕರಿಮಣ್ಣು ತೆಗೆದರೆ ಕಲ್ಲು ಹಾಸಿಗೆ ಹಾಸಿದ ಹಾಗೆ ಒಂದರ ಕೆಳಗೊಂದು ಮಲಗಿರುತ್ತದೆ. ಎರಡಾಳು ಆಳದ ಗುಂಡಿಯಿಂದ ಆ ಕಲ್ಲನ್ನು ಹಾರೆ ಹಾಕಿ ಎಬ್ಬಿಸಿ, ಮೇಲೆಳೆದು, ಉಳಿ ಸುತ್ತಿಗೆಯಿಂದ ತೆಳ್ಳಗೆ ಸೀಳುವುದು ಇಡೀ ಊರಿನ ಕಸುಬು. ಖಣಿಯೆಲ್ಲ ಹೈದರಾಬಾದಿನಲ್ಲಿದ್ದ ಒಬ್ಬ ಗುತ್ತೇದಾರನದು. ಮನೆಗೊಂದು ಗುಂಡಿ. ಕಟ್ಟಳೆ ಒಂದೇ: ಮನೆಯಲ್ಲಿ ಉಳಿ ಹಿಡಿಯುವ ಕೈ ಇರುವ ತನಕ ಗುಂಡಿ ಆ ಮನೆಯದು. ಕೈ ಹೋದರೆ ಗುಂಡಿಯೂ ಹೋಯಿತು, ಬೇರೆ ಮನೆಗೆ.

ಉಳಿ ಹಿಡಿದವರು ಗುಂಡಿಗಳ ನಡುವಿನ ದಂಡೆಯ ಮೇಲೆ, ಗರಿಯ ಚಪ್ಪರದ ಕೆಳಗೆ, ಸಾಲಾಗಿ ಕೂರುತ್ತಿದ್ದರು. ಅದು ಮಾನದ ಜಾಗ. ಹೆಂಗಸರು ಕೆಳಗೆ, ಗುಂಡಿಯೊಳಗೆ. ಚೂರು ತುಂಬಿದ ಬುಟ್ಟಿ ಹೊರುವುದು, ಹಗ್ಗಕ್ಕೆ ಕೈಕೊಡುವುದು, ನೀರು ತೋಡುವುದು. ನಮ್ಮ ನೆರೆಯ ನೀಲಮ್ಮಕ್ಕ ಹಿಂದಿನ ವರ್ಷ ಗಂಡನನ್ನು ಕಳೆದುಕೊಂಡಿದ್ದಳು. ದಿನಕರ್ಮ ಮುಗಿದ ಮರುವಾರವೇ ಅವಳ ಗುಂಡಿ ಬೇರೆಯವರಿಗೆ ಹೋಯಿತು. ತನ್ನದೇ ಗುಂಡಿಯಲ್ಲಿ ಅವಳು ಈಗ ಇನ್ನೊಬ್ಬರ ಬುಟ್ಟಿ ಹೊರುತ್ತಿದ್ದಳು.

ನಮ್ಮ ಮಾವ ಮಲ್ಲಪ್ಪನವರು ಆ ದಂಡೆಯ ಮೇಲೆ ನಲವತ್ತು ವರ್ಷ ಕೂತವರು. ಅವರ ಒಂದು ಕಣ್ಣು ಹರೆಯದಲ್ಲೇ ಕಲ್ಲಿನ ಸಿಡಿ ಬಡಿದು ಹೋಗಿತ್ತು. ಅದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ವರ್ಷ ಹೋಳಿ ಹುಣ್ಣಿಮೆ ಕಳೆದ ನಾಲ್ಕನೆಯ ದಿನ ಇನ್ನೊಂದು ಕಣ್ಣಿಗೂ ಸಿಡಿ ಬಡಿಯಿತು. ಶಹಾಬಾದಿನ ದವಾಖಾನೆಯಲ್ಲಿ ಕಟ್ಟಿದ ಪಟ್ಟಿ ಬಿಚ್ಚಿದಾಗ ಅವರಿಗೆ ಬೆಳಕು ಯಾವ ಕಡೆ ಇದೆ ಎಂಬುದಷ್ಟೇ ತಿಳಿಯುತ್ತಿತ್ತು.

ಮಾವನಿಗೆ ಒಬ್ಬರೇ ಮಗ, ನಮ್ಮ ಮನೆಯವರು; ಅವರು ಉಳಿ ಹಿಡಿಯುವಂತಿರಲಿಲ್ಲ. ಕಲ್ಲಿನ ಧೂಳು ಅವರ ಎದೆಗೆ ಹತ್ತಿ, ಕೆಮ್ಮಿ ಕೆಮ್ಮಿ ರಕ್ತ ಬಂದ ಮೇಲೆ ಮಾವನೇ ಅವರನ್ನು ವಾಡಿಯ ರೇಲ್ವೆಗೆ ಹಚ್ಚಿದ್ದರು. ಹಳಿ ಬದಲಿಸುವ ಕೆಲಸ. ಆರು ದಿನ ಅಲ್ಲೇ, ಆದಿತ್ಯವಾರ ಮನೆಗೆ. ಅವರನ್ನು ಮತ್ತೆ ಗುಂಡಿಗೆ ಕರೆತಂದರೆ ಮಣ್ಣಿಗೆ ಕರೆತಂದ ಹಾಗೆಂದು ಎಲ್ಲರಿಗೂ ಗೊತ್ತಿತ್ತು.

ಯುಗಾದಿಯ ಮುಂದೆ ಗುತ್ತೇದಾರನ ಮುನ್ಷಿ ಇಮಾಮಸಾಬರು ಬಂದರು. ವರ್ಷಕ್ಕೆ ನಾಲ್ಕು ಸಲ ಬಂದು ಯಾವ ಗುಂಡಿ ಯಾರದೆಂದು ದಫ್ತರದಲ್ಲಿ ಬರೆದುಕೊಂಡು ಹೋಗುವವರು. ಸಣ್ಣ ದೇಹ, ಸ್ವಚ್ಛ ಶೇರವಾನಿ, ಸುಳ್ಳನ್ನೂ ಆಡದ, ಮುಲಾಜಿಗೂ ಬೀಳದ ಮನುಷ್ಯ. ದಂಡೆಯ ಮೇಲೆ ಎಲ್ಲರನ್ನೂ ಕೂಡಿಸಿ ಅವರು ಒಂದು ಬೇಡಿಕೆಯ ಮಾತು ಎತ್ತಿದರು.

"ಹೈದ್ರಾಬಾದದಾಗ ಒಂದು ದವಾಖಾನಿ ಕಟ್ಟಲಿಕತ್ತಾರ. ಔಷಧದ ಬಾಟ್ಲಿ ಇಡಲಿಕ್ಕ ಹಲಗಿ ಬೇಕಂತ. ಕಟ್ಟಿಗಿ ಬ್ಯಾಡ, ಕಲ್ಲೇ ಬೇಕು. ಮೂರು ಫೂಟು ಉದ್ದ, ಒಂದು ಫೂಟು ಅಗಲ. ದಪ್ಪ ಅರ್ಧ ಇಂಚು. ಒಂದು ಕೂದಲ ಹೆಚ್ಚಾದ್ರೂ ವಾಪಸ್. ಇಪ್ಪತ್ನಾಲ್ಕು ಬೇಕು, ಮಿರಗದ ಮಳಿಗಿಂತ ಮೊದಲ."

ದಂಡೆಯ ಹಿರಿಯ ಸಿದ್ರಾಮಪ್ಪ ತಲೆ ಅಲ್ಲಾಡಿಸಿದ. "ಒಂದೂವರಿ ಇಂಚು ಕೇಳ್ರಿ, ನೂರು ಕೊಡ್ತೀವಿ. ಅರ್ಧ ಇಂಚಂದ್ರ ಹತ್ತು ಸೀಳಿದ್ರ ಒಂದು ಉಳೀತದ. ಆಗೂದಿಲ್ಲ ಸಾಬ್ರ."

ಯಾರೂ ಒಪ್ಪಲಿಲ್ಲ. ಆಗ ಕೋಲೂರಿಕೊಂಡು ಕೂತಿದ್ದ ನಮ್ಮ ಮಾವ ಬಾಯಿಬಿಟ್ಟರು. "ಇಪ್ಪತ್ನಾಲ್ಕೂ ನಾ ಕೊಡ್ತೀನಿ. ಗುಂಡಿ ನನ್ನ ಮನಿದೇ ಇರಬೇಕು."

"ಮಲ್ಲಪ್ಪಾ, ನಿನಗ ಕಣ್ಣೇ ಇಲ್ಲ."

"ಕೈ ಅದ."

"ಯಾರದು?"

"ಮಿರಗಕ್ಕ ಬಂದು ನೋಡ್ರಿ," ಎಂದರು ಮಾವ.

ಮುನ್ಷಿ ನಮ್ಮ ಗುಂಡಿಯ ಹೆಸರಿನ ಮುಂದೆ ಏನೂ ಬರೆಯದೆ ದಫ್ತರ ಮುಚ್ಚಿದರು. ಮಿರಗಕ್ಕೆ, ಮೃಗಶಿರದ ಮಳೆಗೆ ಮೊದಲು, ಇಪ್ಪತ್ತನಾಲ್ಕು ಹಲಗೆ ಮತ್ತು ಅದನ್ನು ಸೀಳಿದ ಕೈ, ಎರಡೂ ತೋರಿಸದಿದ್ದರೆ ಗುಂಡಿ ಬೇರೆಯವರದು ಎಂದು ಹೇಳಿ ಎದ್ದರು.

ಮನೆಗೆ ಬಂದ ಮೇಲೆ ಮಾವ ತಮ್ಮ ಉಳಿ ಸುತ್ತಿಗೆಯನ್ನು ತರಿಸಿ ನನ್ನ ಮುಂದೆ ಇಡಿಸಿದರು. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ನೋಡಿದೆ.

"ಗುರಮ್ಮಾ, ಕೈ ಇತ್ತ ಕೊಡು," ಎಂದರು. ನನ್ನ ಅಂಗೈ, ಮಣಿಕಟ್ಟು, ತೋಳನ್ನು ಎತ್ತಿನ ಕಾಲು ನೋಡುವ ಹಾಗೆ ಒತ್ತಿ ಒತ್ತಿ ನೋಡಿದರು. "ಕುಡುಗೋಲು ಹಿಡಿದ ಕೈ. ಆಗ್ತದ."

"ನಂಗ ಬರೂದಿಲ್ರಿ ಮಾವಾರ."

"ಮತ್ತ ನೀಲಮ್ಮನಂಗ ಬುಟ್ಟಿ ಹೊರೂದು ಬರ್ತದೇನು?"

ಆ ಮಾತು ನನಗೆ ಚುಚ್ಚಿತು. ಸಿಟ್ಟಿನಿಂದಲೇ ಸುತ್ತಿಗೆ ಎತ್ತಿದೆ. ಅದು ನಾನು ತಿಳಿದುಕೊಂಡದ್ದಕ್ಕಿಂತ ಹಗುರಾಗಿತ್ತು.

ಮರುದಿನ ನಾನು ದಂಡೆಯ ಮೇಲೆ ಮಾವನ ಜಾಗದಲ್ಲಿ ಕೂತಾಗ ಸಾಲಿನಲ್ಲಿ ಸುತ್ತಿಗೆಯ ಸದ್ದು ಒಂದೊಂದಾಗಿ ನಿಂತಿತು. ಸಿದ್ರಾಮಪ್ಪ ಎದ್ದು ನಿಂತ. "ಮಲ್ಲಪ್ಪಾ, ಹೆಣ್ಣುಮಗಳು ದಂಡಿ ಮ್ಯಾಲ ಕುಂತ್ರ ನಾವು ಎಲ್ಲಿ ಕುಂದ್ರಬೇಕು? ನೀನೇ ಹೇಳು."

ಮಾವನ ಬಾಯಿಗೆ ಬೈಗುಳ ಬಂದಿತ್ತು. ಅವರು ಆಡುವ ಮೊದಲೇ ನಾನು ಉಳಿಯ ಚೀಲ ಎತ್ತಿಕೊಂಡೆ. "ಜಗಳ ಬ್ಯಾಡ್ರಿ. ನಾ ಕೆಳಗೇ ಕುಂದರ್ತೀನಿ." ಗುಂಡಿಯ ಮೆಟ್ಟಿಲಿಳಿದು ಹೋದೆ. ನನಗೆ ಅಳು ಬಂದಿತ್ತು, ನಾಚಿಕೆಯೂ ಆಗಿತ್ತು. ಆದರೆ ಹಿಂದೆ ತಿರುಗಿ ನೋಡಲಿಲ್ಲ. ಮಾವ ಕೋಲು ತಡವರಿಸುತ್ತ ಹಿಂದೆಯೇ ಇಳಿದು ಬಂದರು.

ಕಲ್ಲು ಸೀಳುವುದು ಬಲದ ಕೆಲಸ ಅಲ್ಲ. ಇದನ್ನು ತಿಳಿಯಲು ನನಗೆ ಹದಿನೈದು ದಿನ ಬೇಕಾಯಿತು. ದಪ್ಪ ಕಲ್ಲಿನಿಂದ ತೆಳು ಪದರನ್ನು ಸಿಪ್ಪೆ ಸುಲಿದ ಹಾಗೆ ಬಿಡಿಸಲು ಬರುವುದಿಲ್ಲ. ಅದು ಅರ್ಧ ದಾರಿಯಲ್ಲಿ ಮೇಲಕ್ಕೆ ಓಡಿ ಮುರಿಯುತ್ತದೆ. ಯಾವಾಗಲೂ ಸಮನಾಗಿ ನಡುವೆಯೇ ಸೀಳಬೇಕು: ಎರಡು ಇಂಚಿನದನ್ನು ಒಂದೊಂದು, ಒಂದರದನ್ನು ಅರ್ಧರ್ಧ. ಮೊದಲು ಕಲ್ಲಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ಪದರಿನ ಗೆರೆ ಎಲ್ಲಿದೆ ಎಂದು ಹುಡುಕಬೇಕು. ಆ ಗೆರೆಯ ಮೇಲೆ ಉಳಿಯಿಟ್ಟು ಸುತ್ತಲೂ ಮೆಲ್ಲಗೆ ಬಡಿಯುತ್ತ ಹೋಗಬೇಕು. ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು. ಒಂದೇ ಕಡೆ ಜೋರಾಗಿ ಹೊಡೆದರೆ ಆಟ ಮುಗಿಯಿತು.

"ಗಡಿಗಿ ತೊಗೊಳ್ಳಾಗ ಬಾರಿಸಿ ನೋಡ್ತಿ ಇಲ್ಲೋ," ಎನ್ನುತ್ತಿದ್ದರು ಮಾವ, ಕಲ್ಲಿನ ಇನ್ನೊಂದು ತುದಿಗೆ ಅಂಗೈ ಊರಿ ಕೂತು. "ಹಂಗೇ ಇದು. ಸದ್ದು ಬದಲಾಗೂತನ ಕಾಯಿ. ಕಲ್ಲು ತಾನೇ ಹೇಳ್ತದ, ಈಗ ಬಿಡ್ತೀನಿ ಅಂತ."

ನನಗೆ ಕಲ್ಲು ಏನೂ ಹೇಳಲಿಲ್ಲ. ಮೊದಲ ಏಳು ಹಲಗೆ ಒಂದಾದ ಮೇಲೊಂದು ಮುರಿದವು. ಮೇಲಿನಿಂದ ಯಾರೋ ಒಬ್ಬ, "ಸೊಸಿ ರೊಟ್ಟಿ ಮುರಿಲಿಕತ್ತಾಳ ನೋಡ್ರೋ," ಎಂದು ಕೂಗಿ ಎಲ್ಲರನ್ನೂ ನಗಿಸಿದ. ನಾನು ಎಂಟನೆಯದನ್ನು ಎಳೆದುಕೊಂಡೆ.

ಚೈತ್ರ ಮುಗಿಯುವ ಹೊತ್ತಿಗೆ ಬಿಸಿಲು ಎಂಥದೆಂದರೆ, ಹೊತ್ತು ನೆತ್ತಿಗೆ ಬಂದಾಗ ಗುಂಡಿಯ ತಳದಲ್ಲಿ ಬರಿಗಾಲಿಡಲು ಆಗುತ್ತಿರಲಿಲ್ಲ. ನನ್ನ ದೊಡ್ಡ ತಪ್ಪು ಆಗಲೇ ಆದದ್ದು. ಹಸಿ ಕಲ್ಲು ಮೆತ್ತಗೆ ಬಿಡಿಸಿಕೊಳ್ಳುತ್ತದೆ, ಒಣಗಿದ ಕಲ್ಲು ಮೊಂಡು ಎಂದು ಮಾವ ಹೇಳಿದ್ದರು. ಹೊಲದ ಮನೆಯವಳು ನಾನು. ಒಣಗಿದ್ದಕ್ಕೆ ನೀರು ಹಾಕಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಾವ ಊಟಕ್ಕೆ ಹೋದಾಗ, ಎಬ್ಬಿಸಿಟ್ಟಿದ್ದ ಆರು ಒಳ್ಳೆಯ ಕಲ್ಲುಗಳ ಮೇಲೆ ಐದು ಕೊಡ ನೀರು ಹೊತ್ತು ತಂದು ಸುರಿದೆ. ಶ್ಯಾಣ್ಯಾಳು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಮಾವ ಮೆಟ್ಟಿಲಿಳಿಯುತ್ತಲೇ ನಿಂತರು. ಮೂಗು ಎತ್ತಿದರು. "ನೀರು ಹಾಕಿದೇನು?"

ಅವರು ಬಂದು ಒಂದು ಕಲ್ಲನ್ನು ಸುತ್ತಿಗೆಯ ಹಿಡಿಯಿಂದ ಸುಮ್ಮನೆ ತಟ್ಟಿದರು. ಅದು ಹಪ್ಪಳದ ಹಾಗೆ ನಾಲ್ಕು ಚೂರಾಯಿತು. ಇನ್ನೊಂದೂ ಹಾಗೇ. ಆರೂ ಹಾಗೇ. ಅವರು ಸುತ್ತಿಗೆಯನ್ನು ಗುಂಡಿಯ ಗೋಡೆಗೆ ಬೀಸಿ ಒಗೆದು ಮೆಟ್ಟಿಲ ಮೇಲೆ ಕುಸಿದು ಕೂತರು. ಮನೆಗೆ ಹೋಗಿಬಿಡಬೇಕು, ತೆಂಗಳಿಗೇ ಹೋಗಿಬಿಡಬೇಕು ಎನ್ನಿಸಿತು ನನಗೆ. ಆದರೆ ಎದ್ದು ಹೋಗಿ ಸುತ್ತಿಗೆಯನ್ನು ಹುಡುಕಿ ತಂದೆ.

"ತಪ್ಪು ನಂದದ," ಎಂದರು ಮಾವ. "ಕಲ್ಲಿನ ಹಸಿ ಒಳಗಿಂದು. ನೆಲದಾಗಿನ ತಂಪು. ಅದು ಹೊರಗ ಬಂದು ಬಿಸಲು ಕಂಡ ಮ್ಯಾಲ ಹೋಗ್ತದ. ಆಮ್ಯಾಲ ನೀರು ಹಾಕಿದ್ರ ಬರೂದಿಲ್ಲ, ಸೀಳ್ತದ. ಇದು ನಮಗ ಎಷ್ಟು ಗೊತ್ತಂದ್ರ, ಹೇಳಬೇಕು ಅಂತ ನೆನಪೇ ಆಗಲಿಲ್ಲ."

ಬಿಸಿಲು ಕಂಡ ಮೇಲೆ ಹೋಗುತ್ತದೆ ಎಂಬ ಮಾತನ್ನು ನಾನು ಹಿಡಿದುಕೊಂಡೆ. ಮರುದಿನ ಕೋಳಿ ಕೂಗುವಾಗಲೇ ನೀಲಮ್ಮಕ್ಕನನ್ನು ಎಬ್ಬಿಸಿಕೊಂಡು ಗುಂಡಿಗೆ ಇಳಿದೆ. ಮೂಡಲ ಕಡೆಯ ಗೋಡೆ ಎತ್ತರ, ಹೊತ್ತು ಮೇಲೇರುವ ತನಕ ತಳಕ್ಕೆ ಬಿಸಿಲು ಬೀಳುತ್ತಿರಲಿಲ್ಲ. ಇಬ್ಬರೂ ಹಾರೆ ಹಾಕಿ ಒಂದು ಕಲ್ಲು ಎಬ್ಬಿಸಿದೆವು. ಅದನ್ನು ಎಲ್ಲಿಗೂ ಎಳೆಯಲಿಲ್ಲ. ಎದ್ದ ಜಾಗದಲ್ಲೇ ನಿಲ್ಲಿಸಿ, ನೀಲಮ್ಮಕ್ಕನ ಮೊಣಕಾಲಿಗೆ ಆನಿಸಿ, ಬಡಿಯಲು ಕೂತೆ. ಕಲ್ಲು ಬಾವಿಯ ಕಟ್ಟೆಯಷ್ಟು ತಣ್ಣಗಿತ್ತು. ಆರನೆಯ ಸುತ್ತಿನಲ್ಲಿ ಅದು ನಡುವೆ ಬಿಟ್ಟುಕೊಂಡಿತು. ಎರಡು ತುಂಡನ್ನೂ ಮತ್ತೆ ನಡುವೆ ಸೀಳಿದೆ. ಉಳಿಯ ಕೆಳಗಿನ ಸದ್ದು ಗಟ್ಟಿಯಿದ್ದದ್ದು ಮೆಲ್ಲಗೆ ಪೊಳ್ಳಾಯಿತು, ಇನ್ನೂ ಪೊಳ್ಳಾಯಿತು, ಚಿಟ್ಟೆಂದಿತು. ನಾಲ್ಕು ಹಲಗೆ, ನಾಲ್ಕೂ ಇಡಿ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಹುಚ್ಚರ ಹಾಗೆ ನಕ್ಕೆವು.

ಮಾವ ಬಂದು ನಾಲ್ಕನ್ನೂ ತಡವಿದರು. ಅಂಚಿನ ಮೇಲೆ ಬೆರಳು ಎರಡೆರಡು ಸಲ ಓಡಿಸಿದರು. "ಎಲ್ಲಿ ಕುಂತು ಸೀಳ್ದಿ?"

"ಇಲ್ಲೇರಿ. ಎಬ್ಬಿಸಿದಲ್ಲೇ."

ಅವರು ದಂಡೆಯ ಕಡೆ ಮುಖ ಎತ್ತಿದರು. ಅಲ್ಲಿ ಆಗಷ್ಟೇ ಗಂಡಸರು ಹಗ್ಗ ಕಟ್ಟಿ ಕಲ್ಲು ಮೇಲೆಳೆಯುತ್ತಿದ್ದರು. "ಕೆಳಗ ಕುಂತ್ರ ಮಾನ ಹೋಗ್ತದಂತ ನಲವತ್ತು ವರ್ಷ ಕಲ್ಲು ಮ್ಯಾಲ ಎಳದೆವು. ಬಿಸಲಾಗ ಒಣಗಿಸಿ, ತೆಳ್ಳಗ ಬರೂದಿಲ್ಲ ಅಂತ ಕಲ್ಲಿಗೇ ಬೈದೆವು." ಅವರು ಗಟ್ಟಿಯಾಗಿ ನಕ್ಕರು. ಕಣ್ಣು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಒಂದೂವರೆ ಇಂಚಿನ ಕಲ್ಲಿಗೆ ಅಷ್ಟು ನಾಜೂಕು ಬೇಕಾಗಿರಲಿಲ್ಲ, ಅದಕ್ಕೇ ಯಾರಿಗೂ ಇದು ಹೊಳೆದಿರಲಿಲ್ಲ. ನನ್ನನ್ನು ದಂಡೆಯಿಂದ ಎಬ್ಬಿಸದಿದ್ದರೆ ನನಗೂ ಹೊಳೆಯುತ್ತಿರಲಿಲ್ಲ. ಸಿದ್ರಾಮಪ್ಪನಿಗೆ ಈ ಉಪಕಾರವನ್ನು ನಾನು ಕೊನೆಯ ತನಕ ಹೇಳಲಿಲ್ಲ, ಅಷ್ಟು ದೊಡ್ಡ ಮನಸ್ಸು ನನಗಿಲ್ಲ.

ಆಮೇಲಿನ ದಿನಗಳೆಲ್ಲ ಒಂದೇ ಥರ. ಬೆಳಕು ಹರಿಯುವ ಮೊದಲು ಇಳಿಯುವುದು, ತಳಕ್ಕೆ ಬಿಸಿಲು ಮುಟ್ಟಿದ ಕೂಡಲೆ ಉಳಿ ಕೆಳಗಿಡುವುದು. ಎಲ್ಲ ದಿನ ನಾಲ್ಕಕ್ಕೆ ನಾಲ್ಕು ಬರುತ್ತಿರಲಿಲ್ಲ. ಕೆಲವು ದಿನ ಒಂದು. ಕೆಲವು ದಿನ ಪದರಿನ ನಡುವೆ ಬಿಳಿ ಗಂಟು ಸಿಕ್ಕಿ ಎಲ್ಲ ಹಾಳು. ನನ್ನ ಅಂಗೈ ಒಡೆದು ರೊಟ್ಟಿ ಬಡಿದಾಗ ಹಿಟ್ಟು ಕೆಂಪಾಗುತ್ತಿತ್ತು. ಒಂದು ಆದಿತ್ಯವಾರ ನಮ್ಮ ಮನೆಯವರು ಅದನ್ನು ನೋಡಿ ತಟ್ಟೆ ಸರಿಸಿ ಕೂತರು.

"ಬಿಟ್ಟುಬಿಡು. ಗುಂಡಿ ಹೋದ್ರ ಹೋಗ್ಲಿ. ವಾಡಿಗಿ ಹೋಗಿ ಇರಮು."

"ಮಾವಾರು ವಾಡಿಯಾಗ ಏನ್ ಮಾಡ್ತಾರ? ರೇಲು ಎಣಸ್ತಾರೇನು?" ಎಂದೆ. "ನಂಗ ಈಗ ಕಲ್ಲು ಹೇಳೂದು ಕೇಳಸ್ತದರಿ. ನಾ ಬಿಡೂದಿಲ್ಲ."

ಮುಂದಿನ ವಾರ ಬರುವಾಗ ಅವರು ಸಣ್ಣ ಡಬ್ಬಿಯಲ್ಲಿ ಗಾಡಿಯ ಗಾಲಿಗೆ ಹಚ್ಚುವ ಗ್ರೀಸ್ ತಂದರು. ನನ್ನ ಎರಡೂ ಕೈಗೆ ತಾವೇ ಹಚ್ಚಿ, ಹಳೆಯ ಧೋತರದ ಚಿಂದಿ ಸುತ್ತಿದರು. ಗ್ರೀಸಿನ ನಾತ ಅನ್ನದೊಳಗೂ ಇಳಿಯುತ್ತಿತ್ತು. ಅಷ್ಟು ಪ್ರೀತಿಯ ನಾತವನ್ನು ನಾನು ಮತ್ತೆ ಕಂಡಿಲ್ಲ.

ರೋಹಿಣಿ ಮಳೆಯ ಮೋಡ ಬಂದು ಬಂದು ಹೋದವು. ಮಿರಗ ಹೊಕ್ಕರೆ ಗುಂಡಿಗೆ ನೀರು ತುಂಬುತ್ತದೆ, ಆಮೇಲೆ ದೀಪಾವಳಿಯ ತನಕ ಕೆಲಸವಿಲ್ಲ. ಮುನ್ಷಿ ಬಂದ ದಿನ ನನ್ನ ಹತ್ತಿರ ಇಪ್ಪತ್ತೈದು ಹಲಗೆ ಇದ್ದವು. ಒಂದು ಹೆಚ್ಚೇ ಇರಲೆಂದು ಮಾಡಿಟ್ಟಿದ್ದೆ. ಅವರ ಹತ್ತಿರ ಕಬ್ಬಿಣದ ಒಂದು ಪಟ್ಟಿ. ಅದರಲ್ಲಿ ಸರಿಯಾಗಿ ಅರ್ಧ ಇಂಚಿನ ಕಚ್ಚು. ಆ ಕಚ್ಚಿನೊಳಗೆ ಹಲಗೆಯ ಅಂಚು ಕೂರಬೇಕು, ನಾಲ್ಕೂ ಬದಿಗೆ ಸಲೀಸಾಗಿ ಓಡಬೇಕು. ದಂಡೆಯ ಮೇಲೆ ಊರೇ ಸೇರಿತ್ತು. ಮುನ್ಷಿ ಒಂದೊಂದಕ್ಕೂ ಪಟ್ಟಿ ಓಡಿಸಿದರು. ಹನ್ನೊಂದನೆಯದು ಒಂದು ಮೂಲೆಯಲ್ಲಿ ಸಿಕ್ಕಿಕೊಂಡಿತು. ಪಕ್ಕಕ್ಕಿಟ್ಟರು. ಇಪ್ಪತ್ತನೆಯದೂ ಸಿಕ್ಕಿಕೊಂಡಿತು.

"ಇಪ್ಪತ್ಮೂರು," ಎಂದರು. "ಒಂದು ಕಡಿಮಿ."

ಮಾವ ಕೋಲಿನ ಮೇಲೆ ಎರಡೂ ಕೈಯಿಟ್ಟು ಕಲ್ಲಿನ ಹಾಗೆ ನಿಂತಿದ್ದರು.

"ಮತ್ತ ಇದನ್ನ ಸೀಳಿದ ಕೈ ಯಾರದು?" ಎಂದು ಮುನ್ಷಿ ಕೇಳಿದರು. "ನಿನ್ನ ಮಗ ವಾಡಿಯಿಂದ ಬಂದು ಮಾಡಿದ್ರ ಅದು ನಡಿಯೂದಿಲ್ಲ. ಕೈ ಇಲ್ಲೇ ಇರಬೇಕು."

"ನನ್ನ ಸೊಸಿದು," ಎಂದರು ಮಾವ.

ದಂಡೆಯ ಮೇಲೆ ಯಾರೂ ಹೌದೆನ್ನಲಿಲ್ಲ. ಯಾರೂ ಅಲ್ಲವೆಂದೂ ಹೇಳಲಿಲ್ಲ. ಮುನ್ಷಿ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಮಾಲಕರು ನನ್ನ ಮಾತು ನಂಬಬೇಕಂದ್ರ ನಾ ಕಣ್ಣಲೆ ನೋಡಿರಬೇಕು. ಒಂದು ಬೇಕೇ ಬೇಕಲ್ಲ. ನನ್ನ ಮುಂದ ಸೀಳು. ಮೂರು ಗಂಟೆ ಗಾಡಿಗಿ ನಾ ಹೋಗ್ತೀನಿ."

"ನಾಳಿ ಮುಂಜಾನಿ ಸೀಳ್ತೀನ್ರಿ. ಈಗ ಬಿಸಲಾಗ ಆಗೂದಿಲ್ಲ."

"ನಾಳಿ ನಾ ಇರೂದಿಲ್ಲ ಬೇಟಿ."

ಬೆಳಗ್ಗೆ ಎಬ್ಬಿಸಿ ಒಂದು ಇಂಚಿಗೆ ಸೀಳಿಟ್ಟಿದ್ದ ಒಂದೇ ಒಂದು ಕಲ್ಲು ಗುಂಡಿಯೊಳಗೆ ಮೂಡಲ ಗೋಡೆಯ ಬುಡದಲ್ಲಿತ್ತು. ಇಣುಕಿ ನೋಡಿದೆ. ಗೋಡೆಯ ನೆರಳು ಹಿಂದೆ ಸರಿದು ಸರಿದು ಬಿಸಿಲು ಅದರಿಂದ ಒಂದು ಗೇಣು ದೂರ ಬಂದಿತ್ತು. ಉಳಿ ಹಿಡಿದು ಇಳಿಯುವಷ್ಟರಲ್ಲಿ ಅದು ಮುಟ್ಟಿಬಿಡುತ್ತದೆ. ನಾನು ನಿಂತಲ್ಲೇ ನಿಂತೆ.

ನೀಲಮ್ಮಕ್ಕ ನನ್ನ ಕಣ್ಣು ಎಲ್ಲಿದೆ ಎಂದು ನೋಡಿದಳು. ಓಡಿಹೋಗಿ ಮನೆಯಿಂದ ತಾನು ಹೊದೆಯುವ ದೊಡ್ಡ ಕೌದಿ ಹೊತ್ತು ತಂದಳು. ಮೆಟ್ಟಿಲಿಳಿಯುತ್ತ ಬುಟ್ಟಿ ಹೊರುವವರನ್ನೆಲ್ಲ ಕೂಗಿದಳು. "ಬರ್ರೇ, ಒಂದೊಂದು ಕಡಿ ಹಿಡೀರಿ. ಗುರಮ್ಮನ ಕಲ್ಲಿಗಿ ಬಿಸಲು ಬೀಳಬಾರದು." ಆರೇಳು ಹೆಂಗಸರು ಬುಟ್ಟಿ ಒಗೆದು ಇಳಿದರು. ಕೌದಿಯನ್ನು ತಲೆಯ ಮೇಲೆತ್ತಿ ಹಿಡಿದು ಕಲ್ಲಿಗೆ ನೆರಳು ಮಾಡಿ ನಿಂತರು. ನಾನು ಅದರ ಕೆಳಗೆ ಕೂತೆ. ಮಾವ ಎದುರಿಗೆ ಕೂತು ಕಲ್ಲಿಗೆ ಅಂಗೈ ಊರಿದರು. ನೋಡಲೆಂದು ಇಳಿದು ಬಂದ ಮುನ್ಷಿಗೆ ನೀಲಮ್ಮಕ್ಕ, "ಸಾಬ್ರ, ಆ ಮೂಲಿ ಜೋತು ಬಿದ್ದದ, ಸ್ವಲ್ಪ ಹಿಡೀರಿ," ಎಂದಳು. ಅವರು ಶೇರವಾನಿಯ ತೋಳು ಮೇಲೇರಿಸಿ ನಿಜವಾಗಿಯೂ ಹಿಡಿದರು.

ಗೆರೆ ಹುಡುಕಿ ಬಡಿಯತೊಡಗಿದೆ. ಒಂದು ಸುತ್ತು, ಎರಡು ಸುತ್ತು. ಕೌದಿಯ ಕೆಳಗೆ ಉಸಿರು ಕಟ್ಟುವಂಥ ಸೆಕೆ. ಬೆವರು ಕಣ್ಣಿಗೆ ಇಳಿದು ಏನೂ ಕಾಣದಂತಾಯಿತು. ಕಾಣುವುದು ಬೇಕಾಗಿಯೂ ಇರಲಿಲ್ಲ. ಆರು, ಏಳು, ಎಂಟು. ಸದ್ದು ಪೊಳ್ಳಾಗುತ್ತ ಬಂತು.

"ಬಿಡ್ಲಿಕತ್ತದ," ಎಂದು ಮಾವ ಪಿಸುಗುಟ್ಟಿದರು. "ಈಗ ನಡುವ ಒಂದು ಏಟು ಹಾಕು."

ನನ್ನ ಎಡಗೈಯ ಕೆಳಗಿನ ಮೂಲೆ ಇನ್ನೂ ಗಟ್ಟಿಯಾಗಿ ಕೇಳುತ್ತಿತ್ತು. ಅವರ ಅಂಗೈ ಆ ತುದಿಗೆ ಇರಲಿಲ್ಲ. "ಇಲ್ರಿ ಮಾವಾರ. ಇನ್ನ ಇಲ್ಲ."

"ಹಾಕು ಅಂತೀನಿ!"

"ಇಲ್ರಿ."

ಅವರ ಮಾತು ಮೀರಿದ್ದು ಅದೇ ಮೊದಲು. ಮತ್ತೊಂದು ಸುತ್ತು ಹೊಡೆದೆ, ಆ ಮೂಲೆಗೆ ಬಂದಾಗ ಇನ್ನೂ ಮೆಲ್ಲಗೆ, ಮಗುವಿನ ಬೆನ್ನು ತಟ್ಟುವಷ್ಟು ಮೆಲ್ಲಗೆ. ಇನ್ನೂ ಒಂದು ಸುತ್ತು. ಮೂಲೆಯ ಸದ್ದೂ ಪೊಳ್ಳಾಯಿತು. ಆಗ ಉಳಿಯನ್ನು ನಡುವೆ ಇಟ್ಟು ಒಂದೇ ಏಟು ಹಾಕಿದೆ. ಚಿಟ್ಟೆಂದಿತು. ಮಾವ ತಮ್ಮ ಕಡೆಯ ಹಲಗೆಯನ್ನು ಎರಡೂ ಕೈಯಿಂದ ಎತ್ತಿ ಎದೆಗೆ ಆನಿಸಿಕೊಂಡರು. ಇಡಿಯಾಗಿತ್ತು. ನನ್ನದೂ ಇಡಿಯಾಗಿತ್ತು. ಕೌದಿ ಹಿಡಿದವರು ಎಲ್ಲರೂ ಒಮ್ಮೆಲೇ ಕೈಬಿಟ್ಟರು. ಅದು ನಮ್ಮೆಲ್ಲರ ತಲೆಯ ಮೇಲೆ ಬಿತ್ತು, ಮುನ್ಷಿಯ ತಲೆಯ ಮೇಲೂ.

ಪಟ್ಟಿ ಎರಡರ ಮೇಲೂ ಸಲೀಸಾಗಿ ಓಡಿತು. ಮುನ್ಷಿ ಅಲ್ಲೇ, ಗುಂಡಿಯೊಳಗೆ, ಒಂದು ಕಲ್ಲಿನ ಮೇಲೆ ಕೂತು ದಫ್ತರ ಬಿಚ್ಚಿ, ನಮ್ಮ ಗುಂಡಿಯ ಮುಂದೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಉರ್ದುವಿನಲ್ಲಿ ಬರೆದರು. ಹೆಸರು ಕೇಳಿದರು, ಗುರಮ್ಮ ಎಂದೆ. ಹೆಬ್ಬೆಟ್ಟು ಒತ್ತು ಎಂದು ಮಸಿಯ ಡಬ್ಬಿ ಮುಂದಿಟ್ಟರು. ಒತ್ತಿದೆ. ಕಾಗದದ ಮೇಲೆ ಬರೀ ಒಂದು ಕಪ್ಪು ಬೊಟ್ಟು ಮೂಡಿತು. ಗೆರೆಯೇ ಇಲ್ಲ. ಮಸಿ ಹೆಚ್ಚಾಯಿತೆಂದು ನನ್ನ ಬೆರಳನ್ನು ತಮ್ಮ ಕರವಸ್ತ್ರದಿಂದ ಒರೆಸಿ, ಮತ್ತೆ ಮಸಿ ತುಸುವೇ ತಾಗಿಸಿ ಒತ್ತಿಸಿದರು. ಮತ್ತೂ ಬರೀ ಬೊಟ್ಟು.

ಹೀಗಾದರೆ ಬರೆದದ್ದು ನಡೆಯುವುದಿಲ್ಲವೇನೋ ಎಂದು ನನಗೆ ಹೆದರಿಕೆಯಾಯಿತು. ಮುನ್ಷಿ ನನ್ನ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ದಫ್ತರದ ಹಾಳೆಗಳನ್ನು ಹಿಂದಕ್ಕೆ, ಬಹಳ ಹಿಂದಕ್ಕೆ ಮಗುಚಿದರು. ಹಳದಿಯಾದ ಒಂದು ಹಾಳೆಯಲ್ಲಿ ಬೆರಳಿಟ್ಟು, ಯಾವುದು ಯಾರದೆಂದು ಮೆಲ್ಲಗೆ ಹೇಳಿ ನನಗೆ ತೋರಿಸಿದರು. ಅಲ್ಲಿ ಮಾವನ ಹೆಬ್ಬೆಟ್ಟಿತ್ತು. ಅದರ ಮೇಲೊಂದು ಸಿದ್ರಾಮಪ್ಪನದು, ಕೆಳಗೊಂದು ನೀಲಮ್ಮಕ್ಕನ ಗಂಡನದು. ಎಲ್ಲವೂ ಬರೀ ಕಪ್ಪು ಬೊಟ್ಟು.

"ಬುಟ್ಟಿ ಹೊರೋರ ಬೆರಳಿಗಿ ಗೆರಿ ಇರ್ತಾವ," ಎಂದರು ಮುನ್ಷಿ. "ಪದರು ಹುಡುಕೋರ ಬೆರಳಿಗಿ ಇರೂದಿಲ್ಲ." ಮೂರನೆಯ ಸಲ ಒತ್ತಿಸದೆ ದಫ್ತರ ಮುಚ್ಚಿದರು.

ಮಾವನಿಗೆ ಇದೊಂದೂ ಕಂಡಿರಲಿಲ್ಲ. ಹಲಗೆಯನ್ನು ಇನ್ನೂ ಎದೆಗೆ ಆನಿಸಿಕೊಂಡೇ ಅವರು ಕತ್ತು ಆಚೀಚೆ ತಿರುಗಿಸಿದರು. "ಯಾಕ? ಯಾಕ ಎಲ್ಲರೂ ಸುಮ್ಮನಾದ್ರಿ? ಹೆಬ್ಬಟ್ಟು ಮೂಡಲಿಲ್ಲೇನು?"

"ಮೂಡ್ಯಾದರಿ," ಎಂದೆ. "ನಿಮ್ಮಂಗೇ ಮೂಡ್ಯಾದ, ಮಾವಾರ."

ಅವರು ಹಲಗೆಯನ್ನು ಕೆಳಗಿಟ್ಟು, ಗಾಳಿಯಲ್ಲಿ ಕೈ ತಡಕಾಡಿ, ನನ್ನ ಮಸಿ ಹತ್ತಿದ ಹೆಬ್ಬೆರಳನ್ನು ಹಿಡಿದುಕೊಂಡರು. ಮುನ್ಷಿಯ ಗಾಡಿ ಹೋದ ಮೇಲೂ ಬಿಡಲಿಲ್ಲ.